ಬೌಮನ್ನರ ಟೂತ್‌ಪೇಸ್ಟೂ ನಮ್ಮ ಬಾಯಿಯ ತೀರ್ಪೂ



ಜರ್ಮನಿಯಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಓಟದ ಬೂಟು ಇಲ್ಲದ ಮನೆ ಈಗ ಅಪರೂಪ. ಶಾಲೆಯಲ್ಲಿ ಬುಂಡೆಸ್‌ಯುಗೆಂಡ್‌ಷ್ಪೀಲೆ ಎಂಬ ಆಟೋಟದ ದಿನ ಬಂದರೆ ಮಕ್ಕಳು ಪ್ರಶಸ್ತಿಪತ್ರ ಹಿಡಿದು ಮನೆಗೆ ಬರುತ್ತಾರೆ. ಕೆಲವರು ಅಷ್ಟಕ್ಕೇ ನಿಲ್ಲದೆ ಊರಿನ ಫೆರೈನ್ ಸೇರಿ, ಮಳೆಯೋ ಹಿಮವೋ ನೋಡದೆ ವಾರಕ್ಕೆರಡು ಮೂರು ಸಂಜೆ ಓಡುತ್ತಾರೆ. ಇಂಥ ಮನೆಗಳಲ್ಲಿ, ಹೆಸರಾಂತ ಓಟಗಾರನೊಬ್ಬ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಸುದ್ದಿ ಟಿ.ವಿ.ಯಲ್ಲಿ ಬಂದ ಕೂಡಲೇ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಅವನು ಕಳ್ಳನಾ?" ಹಿರಿಯರಾದ ನಾವು ಕೊಡುವ ಉತ್ತರವೂ ಸಾಮಾನ್ಯವಾಗಿ ಒಂದೇ ಮಾತಿನದು: "ಇನ್ನೇನು ಮತ್ತೆ!" ಈ ಒಂದೇ ಮಾತಿನ ಉತ್ತರ ಸಾಲದು, ಅದು ಮಕ್ಕಳಿಗೂ ನಮಗೂ ಒಳ್ಳೆಯದಲ್ಲ ಎಂಬುದನ್ನು ಈ ಪುಟಗಳಲ್ಲಿ ಹೇಳಬೇಕೆಂದಿದ್ದೇವೆ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಾವು ತೆರಿಗೆ ಕಟ್ಟಿ ಬಾಳುತ್ತಿರುವ ಈ ನಾಡಿನದೇ ಒಂದು ಪ್ರಕರಣವಿದೆ. ಅದು ಡೀಟರ್ ಬೌಮನ್ ಎಂಬ ಓಟಗಾರರ ಪ್ರಕರಣ. 1990ರ ದಶಕದಲ್ಲಿ ಇಲ್ಲಿದ್ದ ಸದಸ್ಯರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಆಮೇಲೆ ಬಂದವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಬೌಮನ್ ಹುಟ್ಟಿದ್ದು 1965ರಲ್ಲಿ, ಉಲ್ಮ್ ನಗರದ ಪಕ್ಕದ ಬ್ಲೌಸ್ಟೈನ್‌ನಲ್ಲಿ. ನೆಲೆಸಿದ್ದು ಟ್ಯೂಬಿಂಗೆನ್‌ನಲ್ಲಿ, ಸ್ಟುಟ್‌ಗಾರ್ಟ್ ಕಡೆಯ ನಮ್ಮ ಸದಸ್ಯರಿಗೆ ಅದು ನೆರೆಯೂರು. ಅವರಿಗೆ ತರಬೇತಿ ಕೊಟ್ಟವರು ಅವರ ಹೆಂಡತಿ ಇಸಾಬೆಲ್. 1988ರ ಸೋಲ್ ಒಲಿಂಪಿಕ್ಸ್‌ನ 5000 ಮೀಟರ್ ಓಟದಲ್ಲಿ ಕೀನ್ಯಾದ ಜಾನ್ ಎನ್ಗುಗಿ ಮೊದಲು ಬಂದರೆ ಪಶ್ಚಿಮ ಜರ್ಮನಿಯ ಬೌಮನ್ ಎರಡನೆಯವರು, ಪೂರ್ವ ಜರ್ಮನಿಯ ಹಾನ್ಸ್‌ಯೋರ್ಗ್ ಕುನ್ಸೆ ಮೂರನೆಯವರು. ಒಂದೇ ಭಾಷೆಯಾಡುವ ಇಬ್ಬರು ಎರಡು ಬೇರೆ ಬೇರೆ ಬಾವುಟಗಳ ಕೆಳಗೆ ಒಂದೇ ವೇದಿಕೆಯ ಮೇಲೆ ನಿಂತ ದೃಶ್ಯವದು. ನಾಲ್ಕು ವರ್ಷ ಕಳೆದು ಬಾರ್ಸಿಲೋನಾಕ್ಕೆ ಬರುವ ಹೊತ್ತಿಗೆ ಬರ್ಲಿನ್ ಗೋಡೆ ಬಿದ್ದು ಬಾವುಟ ಒಂದೇ ಆಗಿತ್ತು.

1992ರ ಆಗಸ್ಟ್ 8ರ ಆ ಓಟವನ್ನು ನೋಡಿದವರು ಮರೆಯಲಾರರು. ಕಡೆಯ ಸುತ್ತಿನ ತಿರುವಿನಲ್ಲಿ ಬೌಮನ್ ಆಫ್ರಿಕದ ಓಟಗಾರರ ನಡುವೆ ಸಿಕ್ಕಿಕೊಂಡಿದ್ದರು. ಮುಂದೆಯೂ ಗೋಡೆ, ಪಕ್ಕದಲ್ಲೂ ಗೋಡೆ. ನೇರ ದಾರಿಗೆ ಬಂದಾಗ ಸಂದಿ ಸಿಕ್ಕಿದ್ದೇ ತಡ, ನುಗ್ಗಿದರು. 13 ನಿಮಿಷ 12.52 ಸೆಕೆಂಡಿನಲ್ಲಿ ಚಿನ್ನ. ಎರಡನೆಯವರಾದ ಕೀನ್ಯಾದ ಪಾಲ್ ಬಿಟೋಕ್‌ರಿಗೂ ಅವರಿಗೂ ಇದ್ದ ಅಂತರ ಸೆಕೆಂಡಿನ ಐದನೇ ಒಂದು ಪಾಲಿಗಿಂತ ಕಡಿಮೆ. 1994ರಲ್ಲಿ ಯುರೋಪಿಯನ್ ಚಾಂಪಿಯನ್ ಆದರು. 1996ರ ಅಟ್ಲಾಂಟಾದಲ್ಲಿ ನಾಲ್ಕನೆಯ ಸ್ಥಾನ. 1997ರಲ್ಲಿ ಜ್ಯೂರಿಕ್‌ನಲ್ಲಿ 12 ನಿಮಿಷ 54.70 ಸೆಕೆಂಡಿನಲ್ಲಿ ಓಡಿ, 13 ನಿಮಿಷದ ಗಡಿಯ ಒಳಗೆ ಬಂದ ಮೊದಲ ಯುರೋಪಿಯನ್ ಎನಿಸಿದರು. ಪತ್ರಿಕೆಗಳು ಅವರನ್ನು 'ಬಿಳಿ ಕೀನ್ಯನ್' ಎಂದು ಕರೆದವು.

ಇಷ್ಟೇ ಆಗಿದ್ದರೆ ಅವರು ಒಬ್ಬ ದೊಡ್ಡ ಓಟಗಾರ ಅಷ್ಟೇ. ಅವರ ಹೆಸರಿಗೆ ಇನ್ನೊಂದು ತೂಕವೂ ಇತ್ತು. ಮದ್ದಿನ ವಿರುದ್ಧ ಜರ್ಮನಿಯಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದ ಕ್ರೀಡಾಪಟುಗಳಲ್ಲಿ ಅವರು ಮುಂಚೂಣಿಯಲ್ಲಿದ್ದರು. ಪರೀಕ್ಷೆಗಳು ಇನ್ನೂ ಬಿಗಿಯಾಗಬೇಕು, ಶಿಕ್ಷೆ ಇನ್ನೂ ಕಠಿಣವಾಗಬೇಕು ಎಂದು ಹೇಳಿಕೊಂಡು ಬಂದವರು.

ಅಂಥವರ ಮೂತ್ರದ ಮಾದರಿಯಲ್ಲಿ, 1999ರ ಅಕ್ಟೋಬರ್ 19ರಂದು ಒಮ್ಮೆ ಹಾಗೂ ನವೆಂಬರ್ 12ರಂದು ಮತ್ತೊಮ್ಮೆ, ನ್ಯಾಂಡ್ರೊಲೋನ್ ಎಂಬ ಸ್ನಾಯು ಬೆಳೆಸುವ ಮದ್ದಿನ ಗುರುತು ಸಿಕ್ಕಿತು. ಆಗ ಗಂಡಸರಿಗೆ ನಿಗದಿಯಾಗಿದ್ದ ಮಿತಿ ಒಂದು ಮಿಲಿಲೀಟರಿಗೆ 2 ನ್ಯಾನೋಗ್ರಾಂ. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ 'ವಾಡಾ', ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಸ್ಥಾಪನೆಯಾದದ್ದೂ ಅದೇ ವಾರ, ನವೆಂಬರ್ 10ರಂದು. ವಿಧಿಯ ಆಟವೆಂದರೆ ಇದೇ ಇರಬೇಕು.

ಸುದ್ದಿ ಹೊರಬಿದ್ದ ಮೇಲೆ ಮನೆಯಲ್ಲಿದ್ದ ತಿನ್ನುವ, ಕುಡಿಯುವ, ಬಳಸುವ ಪದಾರ್ಥಗಳೆಲ್ಲ ಪರೀಕ್ಷೆಗೆ ಹೋದವು. ಕೊಲೋನ್ ನಗರದ ಹೆಸರಾಂತ ಪ್ರಯೋಗಾಲಯಕ್ಕೆ ಕಡೆಗೆ ಸಿಕ್ಕಿದ್ದು ಟೂತ್‌ಪೇಸ್ಟ್! ಅದರಲ್ಲಿ ನಾರ್‌ಆಂಡ್ರೊಸ್ಟೆನೆಡಿಯೋನ್ ಎಂಬ ಪದಾರ್ಥ ಬೆರೆತಿತ್ತು. ಬಾಯಿಯ ಒಳಪದರದ ಮೂಲಕ ಅದು ರಕ್ತಕ್ಕೆ ಸೇರಿದರೆ ಮೂತ್ರದಲ್ಲಿ ನ್ಯಾಂಡ್ರೊಲೋನಿನ ಗುರುತೇ ಕಾಣುತ್ತದೆ. ಟೂತ್‌ಪೇಸ್ಟಿನ ಟ್ಯೂಬಿಗೆ ಅದನ್ನು ಯಾರು ಸೇರಿಸಿದರು? ತಮಗಾಗದವರು ಹೂಡಿದ ಸಂಚು ಇದು ಎಂದರು ಬೌಮನ್. ಸಿಕ್ಕಿಬಿದ್ದ ಮೇಲೆ ತಾನೇ ಸೇರಿಸಿಕೊಂಡು ಕಥೆ ಕಟ್ಟಿದ್ದಾನೆ ಎಂದರು ನಂಬದವರು. ಟ್ಯೂಬಿಂಗೆನ್‌ನ ಸರ್ಕಾರಿ ಅಭಿಯೋಜಕರು ತನಿಖೆ ನಡೆಸಿದರು, ಅಪರಾಧಿ ಸಿಗಲಿಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲೂ ಆ ಪ್ರಶ್ನೆ ಅಲ್ಲೇ ನಿಂತಿದೆ.

ತೀರ್ಪುಗಳ ಕಥೆ ಇನ್ನೂ ವಿಚಿತ್ರ. 2000ದ ಜುಲೈ 13ರಂದು ಜರ್ಮನ್ ಅಥ್ಲೆಟಿಕ್ ಸಂಸ್ಥೆಯ ನ್ಯಾಯಮಂಡಳಿ ಬೌಮನ್ನರನ್ನು ದೋಷಮುಕ್ತರೆಂದು ಬಿಟ್ಟಿತು. ಆಗ ಐಎಎಎಫ್ ಎನ್ನುತ್ತಿದ್ದ, ಈಗ ವರ್ಲ್ಡ್ ಅಥ್ಲೆಟಿಕ್ಸ್ ಎನ್ನುವ ಅಂತರರಾಷ್ಟ್ರೀಯ ಒಕ್ಕೂಟ ಇದನ್ನು ಒಪ್ಪದೆ ಪ್ರಕರಣವನ್ನು ಪಂಚಾಯ್ತಿಗೆ ಒಯ್ದಿತು. ಅಷ್ಟರಲ್ಲಿ ಸಿಡ್ನಿ ಒಲಿಂಪಿಕ್ಸ್ ಬಂತು. ಬೌಮನ್ ಅಲ್ಲಿಗೆ ಹೋಗಿ ಇಳಿದೂ ಆಗಿತ್ತು. ಸೆಪ್ಟೆಂಬರ್ 18ರಂದು ಸಿಡ್ನಿಯಲ್ಲೇ ಪಂಚಾಯ್ತಿ ಸೇರಿ ಎರಡು ವರ್ಷದ ನಿಷೇಧ ವಿಧಿಸಿತು. ಕ್ರೀಡಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿದರು. 22ರಂದು, ಅಂದರೆ ಅಥ್ಲೆಟಿಕ್ಸ್ ಸ್ಪರ್ಧೆಗಳು ಆರಂಭವಾದ ದಿನವೇ, ಅದೂ ತಳ್ಳಿಹೋಯಿತು. ಮೂವತ್ತೈದರ ಓಟಗಾರನಿಗೆ ಇನ್ನೊಂದು ಒಲಿಂಪಿಕ್ಸ್ ಎಲ್ಲಿಂದ ಬರಬೇಕು?

ಸ್ವಂತ ದೇಶದ ಮಂಡಳಿ ಬಿಟ್ಟದ್ದನ್ನು ಹೊರಗಿನ ಮಂಡಳಿ ಶಿಕ್ಷಿಸಿದ್ದು ಹೇಗೆ ಎಂದು ಓದುಗರು ಕೇಳಬಹುದು. ಕಾರಣ ಇಷ್ಟು: ಇಬ್ಬರು ಕೇಳಿದ ಪ್ರಶ್ನೆಗಳು ಬೇರೆ ಬೇರೆ. ಜರ್ಮನ್ ಮಂಡಳಿ ಮುಖ್ಯವಾಗಿ ಕೇಳಿದ್ದು, ಈ ಮನುಷ್ಯ ತಪ್ಪು ಮಾಡಿದನೆಂದು ಹೇಳಬಹುದೇ ಎಂದು. ಅಂತರರಾಷ್ಟ್ರೀಯ ನಿಯಮ ಕೇಳುವುದು, ಪದಾರ್ಥ ಮೈಯಲ್ಲಿತ್ತೇ ಎಂದು. ಇದ್ದರೆ ಹೊಣೆ ಅವನದೇ. ಅದು ಹೇಗೆ ಬಂತೆಂದು ತೋರಿಸಿ ಪಾರಾಗುವ ಭಾರವೂ ಅವನದೇ. ನಮ್ಮ ಊರುಗಳ ನ್ಯಾಯಾಲಯದಲ್ಲಿ ಅಪರಾಧವನ್ನು ಸಾಬೀತು ಮಾಡಬೇಕಾದವರು ದೂರು ಕೊಟ್ಟವರು. ಕ್ರೀಡೆಯಲ್ಲಿ ಇದು ತಲೆಕೆಳಗು.

ಈ ನಿಯಮ ಅನ್ಯಾಯವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಲಭ. ಆದರೆ ಎರಡು ಸಂಗತಿಗಳನ್ನು ಮರೆಯುವಂತಿಲ್ಲ.

ಮೊದಲನೆಯದು ಈ ನೆಲದ್ದೇ ಇತಿಹಾಸ. ಪೂರ್ವ ಜರ್ಮನಿಯಲ್ಲಿ 1974ರಿಂದ '14.25' ಎಂಬ ಸರ್ಕಾರಿ ಯೋಜನೆಯ ಸಂಖ್ಯೆಯಡಿ ಮಕ್ಕಳಿಗೂ ಮದ್ದು ತಿನ್ನಿಸಿದರು. ಶಕ್ತಿ ಬರುವ ವಿಟಮಿನ್ ಎಂದು ನಂಬಿಸಿ ಹುಡುಗಿಯರಿಗೆ ಕೊಟ್ಟ ನೀಲಿ ಮಾತ್ರೆ ಗಂಡಸಿನ ಹಾರ್ಮೋನಿನ ಬಗೆಯದು. ಎಷ್ಟೋ ಜನರ ಆರೋಗ್ಯ ಬದುಕಿಡೀ ಹಾಳಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಮಾತು ಇದು. ಈ ಯೋಜನೆಯ ಕಾಲದಲ್ಲಿ ಅಲ್ಲಿನ ಕ್ರೀಡಾಡಳಿತದ ಮುಖ್ಯಸ್ಥರಾಗಿದ್ದ ಮಾನ್‌ಫ್ರೆಡ್ ಎವಾಲ್ಡ್‌ರಿಗೆ ಬರ್ಲಿನ್ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2000ದ ಜುಲೈ 18ರಂದು, ಬೌಮನ್ನರನ್ನು ಜರ್ಮನ್ ಮಂಡಳಿ ಬಿಟ್ಟ ಐದೇ ದಿನಕ್ಕೆ. ಇಂಥ ಮೋಸವನ್ನು ಕಂಡ ಜಗತ್ತು ಕ್ರೀಡಾಪಟುವಿನ ಬಾಯಿಮಾತನ್ನು ಮಾತ್ರ ನಂಬಿ ನಡೆಯಲಾರದು.

ಎರಡನೆಯದು, ಕಥೆ ಕಟ್ಟುವವರೂ ಇದ್ದಾರೆ. ಕೀನ್ಯಾದ ಜೆಮೀಮಾ ಸುಮ್ಗಾಂಗ್ 2016ರ ರಿಯೋ ಒಲಿಂಪಿಕ್ಸ್‌ನ ಮ್ಯಾರಥಾನ್ ಗೆದ್ದು, ಆ ಓಟದಲ್ಲಿ ಚಿನ್ನ ತಂದ ಆ ದೇಶದ ಮೊದಲ ಮಹಿಳೆಯಾದರು. 2017ರಲ್ಲಿ ಅವರ ಮಾದರಿಯಲ್ಲಿ ರಕ್ತಕಣ ಹೆಚ್ಚಿಸುವ ಇಪಿಓ ಸಿಕ್ಕಿತು. ಆಸ್ಪತ್ರೆಯ ಚಿಕಿತ್ಸೆಯಲ್ಲಿ ಅದು ಬಂತೆಂದು ದಾಖಲೆ ತೋರಿಸಿದರು. ಆ ದಾಖಲೆಗಳೇ ಸುಳ್ಳೆಂದು ತೀರ್ಮಾನವಾಗಿ, ನಾಲ್ಕು ವರ್ಷದ ನಿಷೇಧ 2019ರಲ್ಲಿ ಎಂಟು ವರ್ಷಕ್ಕೆ ಏರಿತು. ವಿವರಣೆ ಕೊಟ್ಟವರನ್ನೆಲ್ಲ ಬಿಟ್ಟುಬಿಟ್ಟರೆ ನಾಳೆ ಪ್ರತಿಯೊಬ್ಬರ ಕೈಯಲ್ಲೂ ಒಂದು ಟೂತ್‌ಪೇಸ್ಟ್ ಟ್ಯೂಬ್ ಇರುತ್ತದೆ. ಮದ್ದು ಮುಟ್ಟದೆ ಓಡಿ ನಾಲ್ಕನೆಯವಳಾಗಿ ಬಂದ ಹುಡುಗಿಗೆ ಆಗ ಯಾರು ನ್ಯಾಯ ಕೊಡುತ್ತಾರೆ? ಆದ್ದರಿಂದ ಕಠಿಣ ನಿಯಮ ಇರಲೇಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಆದರೆ ನಿಯಮದ ತೀರ್ಪು ಬೇರೆ, ನಾವು ಆಡುವ ಮಾತು ಬೇರೆ. "ಪದಾರ್ಥ ಮೈಯಲ್ಲಿತ್ತು, ಆದ್ದರಿಂದ ಎರಡು ವರ್ಷ ಓಡಬೇಡ" ಎಂದು ಒಕ್ಕೂಟ ಹೇಳಿದರೆ ಅದು ಆಟದ ಕಟ್ಟಳೆ. "ಅವನು ಕಳ್ಳ" ಎಂದು ನಾವು ಹೇಳಿದರೆ ಅದು ಮನುಷ್ಯನ ಗುಣದ ಮೇಲಿನ ತೀರ್ಪು. ಮೊದಲನೆಯದಕ್ಕೆ ಪ್ರಯೋಗಾಲಯದ ಕಾಗದ ಸಾಕು; ಎರಡನೆಯದಕ್ಕೆ ಸಾಲದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೇ. ಬೌಮನ್ ಉದ್ದೇಶಪೂರ್ವಕವಾಗಿ ಮದ್ದು ಸೇವಿಸಿದರೆಂದು ಯಾರೂ ಸಾಬೀತು ಮಾಡಲಿಲ್ಲ. ಸೇವಿಸಲಿಲ್ಲವೆಂದು ಅವರೂ ಸಾಬೀತು ಮಾಡಲಾಗಲಿಲ್ಲ. ಹೀಗಿರುವಾಗ ಪ್ರಾಮಾಣಿಕವಾದ ಉತ್ತರ "ಗೊತ್ತಿಲ್ಲ" ಎಂಬುದೊಂದೇ. ಮಕ್ಕಳ ಮುಂದೆ "ಗೊತ್ತಿಲ್ಲ" ಎನ್ನಲು ನಮಗೆ ಸಂಕೋಚ. ಹೆಚ್ಚು ಮಾತಾಡಿ ತಮ್ಮನ್ನು ಸಮರ್ಥಿಸಿಕೊಂಡವರನ್ನು ಕಂಡರೆ "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ" ಎನ್ನುತ್ತೇವೆ. ಸುಮ್ಮನಿದ್ದರೆ "ಮೌನಂ ಸಮ್ಮತಿ ಲಕ್ಷಣಂ" ಎನ್ನುತ್ತೇವೆ. ಆಪಾದನೆ ಹೊತ್ತವನಿಗೆ ಎರಡು ದಾರಿಯನ್ನೂ ಮುಚ್ಚಿ ಕೂತರೆ ಅದು ನ್ಯಾಯವೇ?

ಈ ಪ್ರಶ್ನೆ ನಮ್ಮ ನಾಡಿನ ಹೊಸ್ತಿಲಿಗೂ ಬಂದಿದೆ. ಉಡುಪಿ ಜಿಲ್ಲೆಯ ಸಿದ್ಧಾಪುರದ ಕಡೆಯ ರೈತ ಕುಟುಂಬದ ಹುಡುಗಿ ಅಶ್ವಿನಿ ಅಕ್ಕುಂಜಿ ದೂರದ ಓಟದವರಲ್ಲ, 400 ಮೀಟರ್ ಮತ್ತು ಹರ್ಡಲ್ಸ್ ಓಟದವರು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ, ಅದೇ ವರ್ಷ ಗ್ವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ಆಗ ನಾವೆಲ್ಲ 'ನಮ್ಮ ಹುಡುಗಿ' ಎಂದು ಹಿಗ್ಗಿದೆವು. 2011ರಲ್ಲಿ ಅವರೂ ರಿಲೇ ತಂಡದ ಇತರರೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನಿನ ತರಬೇತುದಾರರು ಕೊಟ್ಟ ಜಿನ್‌ಸೆಂಗ್ ಎಂಬ ಪೌಷ್ಟಿಕ ಮಾತ್ರೆಯಲ್ಲಿ ಅದು ಬೆರೆತಿತ್ತು, ತಮಗೆ ಗೊತ್ತಿರಲಿಲ್ಲ ಎಂದರು. ಭಾರತದ ಮಂಡಳಿ ಇದನ್ನು ಪರಿಗಣಿಸಿ ಒಂದು ವರ್ಷದ ನಿಷೇಧಕ್ಕೆ ನಿಲ್ಲಿಸಿತು. 2012ರ ಜುಲೈನಲ್ಲಿ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಗೆದ್ದಾಗ 'ನಮ್ಮ' ಎಂದವರು ಬಿದ್ದಾಗ 'ಅವಳು' ಎನ್ನುವುದು ನಮಗೆ ಶೋಭೆಯಲ್ಲ. ನಿಷೇಧ ಮುಗಿಸಿ ಅವರು ಮತ್ತೆ ಟ್ರ್ಯಾಕಿಗೆ ಇಳಿದರು ಎಂಬುದನ್ನೂ ನೆನೆಯಬೇಕು.

ಬೌಮನ್ನರ ಕಾಲಕ್ಕಿಂತ ನಿಯಮ ಈಗ ಸ್ವಲ್ಪ ಹದವಾಗಿದೆ. ವಾಡಾದ ಸಂಹಿತೆ 2004ರಿಂದ ಜಾರಿಗೆ ಬಂದು ಹಲವು ಸಲ ತಿದ್ದುಪಡಿಯಾಗಿದೆ. ತನ್ನದೇನೂ ತಪ್ಪಿಲ್ಲ ಎಂದು ಸಾಬೀತು ಮಾಡಿದವರಿಗೆ ನಿಷೇಧವೇ ಇಲ್ಲ. ಕಲಬೆರಕೆಯಿಂದ ಬಂತೆಂದೂ ತಾನು ಹೆಚ್ಚಿನ ಅಜಾಗರೂಕತೆ ತೋರಲಿಲ್ಲವೆಂದೂ ತೋರಿಸಿದವರಿಗೆ ಬರೀ ಎಚ್ಚರಿಕೆಯಿಂದ ಹಿಡಿದು ಎರಡು ವರ್ಷದವರೆಗೆ. ಆದರೆ ಭಾರ ಇನ್ನೂ ಓಟಗಾರರ ಹೆಗಲ ಮೇಲೇ ಇದೆ, ತೋರಿಸಲಾಗದಿದ್ದರೆ ಶಿಕ್ಷೆ ನಾಲ್ಕು ವರ್ಷಕ್ಕೂ ಹೋಗಬಹುದು. ಅಮೆರಿಕದ 5000 ಮೀಟರ್ ಓಟಗಾರ್ತಿ ಶೆಲ್ಬಿ ಹೂಲಿಹಾನ್‌ರಿಗೆ ಆದದ್ದು ಅದೇ. 2020ರ ಡಿಸೆಂಬರಿನ ಮಾದರಿಯಲ್ಲಿ ಸಿಕ್ಕಿದ್ದು ಅದೇ ನ್ಯಾಂಡ್ರೊಲೋನ್. ಹಿಂದಿನ ದಿನ ತಿಂದ ಬರಿಟೋದಲ್ಲಿದ್ದ ಹಂದಿಮಾಂಸದಿಂದ ಬಂದಿರಬೇಕು ಎಂಬ ಅವರ ವಾದವನ್ನು ಕ್ರೀಡಾ ನ್ಯಾಯಾಲಯ ಒಪ್ಪಲಿಲ್ಲ. ಟೋಕಿಯೋ, ಪ್ಯಾರಿಸ್ ಎರಡು ಒಲಿಂಪಿಕ್ಸ್ ಕಳೆದುಕೊಂಡು, 2025ರ ಜನವರಿಯಲ್ಲಿ ಮರಳಿ, ಮಾರ್ಚಿನಲ್ಲಿ ನಾನ್‌ಜಿಂಗ್‌ನ ಒಳಾಂಗಣ ವಿಶ್ವ ಕೂಟದ 3000 ಮೀಟರಿನಲ್ಲಿ ಬೆಳ್ಳಿ ಗೆದ್ದರು. ಟೂತ್‌ಪೇಸ್ಟಿನಿಂದ ಬರಿಟೋವರೆಗೆ ಇಪ್ಪತ್ತು ವರ್ಷ ಕಳೆದರೂ ನಂಬುವವರು, ನಂಬದವರು ಎಂಬ ಎರಡು ಗುಂಪು ಹಾಗೇ ಇವೆ.

ಇನ್ನು ಮನೆಮಟ್ಟದ ಮಾತು. ಕೊಲೋನ್‌ನ ಅದೇ ಪ್ರಯೋಗಾಲಯದ ವಿಜ್ಞಾನಿಗಳು 2000-2001ರಲ್ಲಿ 13 ದೇಶಗಳಿಂದ 634 ಪೌಷ್ಟಿಕ ಪುಡಿ ಮಾತ್ರೆಗಳನ್ನು ಕೊಂಡು ಪರೀಕ್ಷಿಸಿದರು. ಅವುಗಳಲ್ಲಿ 94ರಲ್ಲಿ, ಅಂದರೆ ಏಳರಲ್ಲಿ ಒಂದರಲ್ಲಿ, ಡಬ್ಬದ ಮೇಲೆ ಬರೆಯದ ಹಾರ್ಮೋನು ಬೆರೆತಿತ್ತು. ನಮ್ಮ ಮನೆಗಳಲ್ಲಿ ಊರಿಂದ ಬರುವ ಪೆಟ್ಟಿಗೆಯಲ್ಲಿ ಲೇಹ್ಯ, ಚೂರ್ಣ, ಶಕ್ತಿಯ ಪುಡಿ ಇರುತ್ತವೆ. ಜೊತೆಗೆ ಹುಡುಗರು ತಾವೇ ತರಿಸಿಕೊಳ್ಳುವ ಪ್ರೋಟೀನ್ ಡಬ್ಬಗಳು. ಎಲ್ಲವೂ ಕೆಟ್ಟವೆಂದು ನಾವು ಹೇಳುವುದಿಲ್ಲ. ಸ್ಪರ್ಧೆಗೆ ಓಡುವ ಮಗುವಿಗೆ ಕೊಡುವಾಗ ಮಾತ್ರ, ಒಳಗೆ ಏನಿದೆ ಎಂದು ಖಾತ್ರಿಯಿಲ್ಲದ್ದನ್ನು ಕೊಡಬಾರದು. ಪರೀಕ್ಷೆಗೆ ಒಳಪಟ್ಟ ಪೌಷ್ಟಿಕಗಳ 'ಕೊಲೋನ್ ಪಟ್ಟಿ' ಎಂಬುದೊಂದು ಜರ್ಮನಿಯಲ್ಲಿದೆ. ಔಷಧಿಗಳ ಬಗ್ಗೆ ಜರ್ಮನಿಯ ನಾಡಾ ಸಂಸ್ಥೆ ಮಾಹಿತಿ ಕೊಡುತ್ತದೆ. ಹದಿನೆಂಟು ತುಂಬದವರನ್ನೂ ಪರೀಕ್ಷೆಗೆ ಕರೆಯಬಹುದು ಎಂಬುದು ಅನೇಕ ತಂದೆ ತಾಯಂದಿರಿಗೆ ತಿಳಿದಿಲ್ಲ.

ನೆಗಡಿಯ ಮಾತ್ರೆಯೂ ಸಣ್ಣ ವಿಷಯವಲ್ಲ. ಬೌಮನ್ ಓಡಲಾಗದೆ ಹೋದ ಅದೇ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ಜಿಮ್ನಾಸ್ಟ್ ಆಂಡ್ರೆಯಾ ರದುಕಾನ್ ಎಂಬ ಹದಿನಾರರ ಹುಡುಗಿ ಚಿನ್ನ ಗೆದ್ದಳು. ತಂಡದ ವೈದ್ಯರೇ ನೆಗಡಿಗೆಂದು ಕೊಟ್ಟ ಮಾತ್ರೆಯಲ್ಲಿ ನಿಷೇಧಿತ ಪದಾರ್ಥವಿದ್ದುದರಿಂದ ಆ ಚಿನ್ನವನ್ನು ಹಿಂದಕ್ಕೆ ಪಡೆದರು. ಅವಳು ಮೋಸ ಮಾಡಿದಳೆಂದು ಯಾರೂ ಹೇಳಲಿಲ್ಲ, ನಿಷೇಧವನ್ನೂ ವಿಧಿಸಲಿಲ್ಲ. ಪದಕ ಮಾತ್ರ ಹೋಯಿತು. ನಿಯಮದ ತೀರ್ಪಿಗೂ ಗುಣದ ತೀರ್ಪಿಗೂ ಇರುವ ಅಂತರವನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ಕಾಣದು.

ಬೌಮನ್ನರ ಕಥೆ ಸಿಡ್ನಿಗೆ ಮುಗಿಯಲಿಲ್ಲ. 2002ರ ಆರಂಭದಲ್ಲಿ ನಿಷೇಧ ಮುಗಿಯಿತು. ಅದೇ ಬೇಸಿಗೆ ಮ್ಯೂನಿಕ್‌ನಲ್ಲಿ ನಡೆದ ಯುರೋಪಿಯನ್ ಕೂಟದಲ್ಲಿ, 37ರ ವಯಸ್ಸಿನಲ್ಲಿ, 10,000 ಮೀಟರ್ ಓಡಿ, ಸ್ಪೇನಿನ ಹೊಸೆ ಮಾನುಯೆಲ್ ಮಾರ್ತಿನೆಸ್‌ರ ಹಿಂದೆ ಕೂದಲೆಳೆಯ ಅಂತರದಲ್ಲಿ ಬೆಳ್ಳಿ ಪಡೆದರು. 2003ರಲ್ಲಿ ನಿವೃತ್ತರಾದರು. ಆಮೇಲೆ ತರಬೇತುದಾರರಾದರು, ಪತ್ರಿಕೆಗೆ ಬರೆದರು, ವೇದಿಕೆಯ ಮೇಲೆ ನಿಂತು ಜನರನ್ನು ನಗಿಸುವ ಕಲಾವಿದರೂ ಆದರು. ಬಾರ್ಸಿಲೋನಾದ ಚಿನ್ನ ಅವರ ಹೆಸರಿನಲ್ಲೇ ಇದೆ. ಆದರೂ ಅವರ ಹೆಸರೆತ್ತಿದರೆ ಇಲ್ಲಿನ ಜನ ಮೊದಲು ನೆನೆಯುವುದು ಟೂತ್‌ಪೇಸ್ಟನ್ನೋ ಚಿನ್ನವನ್ನೋ ಎಂದು ನಿಮ್ಮ ಜರ್ಮನ್ ನೆರೆಯವರನ್ನು ಕೇಳಿ ನೋಡಿ. ಒಕ್ಕೂಟ ವಿಧಿಸಿದ್ದು ಎರಡು ವರ್ಷ. ಉಳಿದ ಶಿಕ್ಷೆಯನ್ನು ವಿಧಿಸಿದ್ದು ಜನರ ಬಾಯಿ, ಅದಕ್ಕೆ ಮುಕ್ತಾಯದ ದಿನಾಂಕವಿಲ್ಲ.

ಪರದೇಶದಲ್ಲಿ ನಮ್ಮದು ಚಿಕ್ಕ ಸಮಾಜ. ಉಗಾದಿ, ರಾಜ್ಯೋತ್ಸವದ ಊಟದ ಸಾಲಿನಲ್ಲಿ ಹೊರಟ ಒಂದು ಮಾತು ರಾತ್ರಿಯೊಳಗೆ ಎಲ್ಲರ ಮನೆಗೂ ತಲುಪುತ್ತದೆ. ಕೆಲಸ ಹೋದವರ ಬಗ್ಗೆ, ಪರೀಕ್ಷೆಯಲ್ಲಿ ನಪಾಸಾದ ಮಕ್ಕಳ ಬಗ್ಗೆ, ಬೇರೆಯಾದ ದಂಪತಿಗಳ ಬಗ್ಗೆ ನಾವು ಅರ್ಧ ಕೇಳಿ ಪೂರ್ತಿ ತೀರ್ಪು ಕೊಡುತ್ತೇವೆ. ಓಟಗಾರನ ವಿಷಯದಲ್ಲಿ "ನಿಯಮ ಮುರಿದಿದ್ದು ನಿಜ, ಕಾರಣ ಗೊತ್ತಿಲ್ಲ" ಎಂದು ಹೇಳಲು ಕಲಿತ ಮಗು ನಾಳೆ ನೆರೆಮನೆಯವರ ವಿಷಯದಲ್ಲೂ ಅಷ್ಟೇ ಎಚ್ಚರದಿಂದ ಮಾತಾಡೀತು. ಮುಂದಿನ ಸಲ ಮನೆಯಲ್ಲಿ "ಅವನು ಕಳ್ಳನಾ?" ಎಂಬ ಪ್ರಶ್ನೆ ಬಂದಾಗ ಅವಸರಪಡದೆ ಉತ್ತರ ಕೊಡೋಣ ಎಂಬುದು ನಮ್ಮ ವಿನಂತಿ.

ಇದನ್ನು ಒಪ್ಪದ ಸದಸ್ಯರು ಬರೆದು ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಅವರಿಗೂ ಜಾಗವಿದೆ.